ಕಬ್ಬಿನ ಬೆಲೆಗೆ ಜಿನೀವಾದಲ್ಲಿ ಕೇಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿಪಡಿಸುವ ಕನಿಷ್ಠ ಬೆಲೆ) ಹಣ ಕೊಡುವುದು ಕಾರ್ಖಾನೆ, ಸರ್ಕಾರವಲ್ಲ. ಆದರೂ ಅದು ಸಬ್ಸಿಡಿಯೆಂದು ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಸೋತಿದೆಯಂತೆ. ಇನ್ನು ಎಫ್‌ಆರ್‌ಪಿ ನಿಂತೇಹೋಗುತ್ತದೆಯೇ?
– ಕಬ್ಬು ಬೆಳೆಗಾರರು, ಮುಧೋಳ

ಉತ್ತರ: ಸೋತದ್ದು ನಿಜ. ಆದರೆ ಆ ತೀರ್ಪು ಜಾರಿಗೆ ಬಂದಿಲ್ಲ.

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರು ಕೊಟ್ಟವು. ನಿಯಮದಂತೆ ಮೊದಲು 60 ದಿನ ಮಾತುಕತೆ. ಅದರಲ್ಲಿ ಬಗೆಹರಿಯದಿದ್ದರೆ ತಜ್ಞರ ಸಮಿತಿ, ಸಾಮಾನ್ಯವಾಗಿ ಮೂವರಿರುತ್ತಾರೆ. ಸಮಿತಿ ಬೇಡವೆಂದು ಎದುರಾಳಿ ದೇಶ ಒಂದು ಸಭೆಯಲ್ಲಿ ತಡೆಯಬಹುದು, ಎರಡನೆಯದರಲ್ಲಿ ಆಗದು. ವರದಿಗೆ 6ರಿಂದ 9 ತಿಂಗಳ ಗಡುವಿದ್ದರೂ ಈ ಪ್ರಕರಣದಲ್ಲಿ ವರದಿ ಬಂದದ್ದು 2021ರ ಡಿಸೆಂಬರ್ 14ಕ್ಕೆ.

ನೀವು ಕೇಳಿದ್ದನ್ನೇ ಭಾರತವೂ ವಾದಿಸಿತ್ತು. ಸಮಿತಿ ಒಪ್ಪಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಲೆಕ್ಕದಲ್ಲಿ ಹಣ ಯಾರ ಜೇಬಿನಿಂದ ಬಂತು ಎಂಬುದು ಮುಖ್ಯವಲ್ಲ, ಬೆಲೆ ನಿಗದಿ ಮಾಡಿದವರು ಯಾರು ಎಂಬುದು ಮುಖ್ಯ. ಸರ್ಕಾರ ನಿಗದಿಪಡಿಸಿದ ಬೆಲೆಯಿಂದ ಹೋಲಿಕೆಗೆಂದು ಇಟ್ಟುಕೊಂಡ 1986-88ರ ಆಧಾರ ಬೆಲೆ ಕಳೆದು, ಆ ಬೆಲೆ ಅನ್ವಯಿಸುವ ಉತ್ಪಾದನೆಯಿಂದ ಗುಣಿಸುತ್ತಾರೆ. ಅದು ಬೆಳೆಯ ಒಟ್ಟು ಮೌಲ್ಯದ ಶೇ 10 ಮೀರಬಾರದು. 2014-15ರಿಂದ 2018-19ರವರೆಗೆ ಐದೂ ಹಂಗಾಮಿನಲ್ಲಿ ಮೀರಿದೆ ಎಂದಿತು ಸಮಿತಿ. ಮೂವತ್ತು ವರ್ಷ ಹಳೆಯ ಬೆಲೆಯ ಪಕ್ಕ ಇಂದಿನ ಬೆಲೆ ಇಟ್ಟರೆ ಯಾವ ರೈತನ ಲೆಕ್ಕವೂ ಮಿತಿಯೊಳಗೆ ನಿಲ್ಲದು. ಅನ್ಯಾಯ ಇರುವುದು ಆ ಸೂತ್ರದಲ್ಲೇ. ಸಕ್ಕರೆಯ ರಫ್ತು ಸಬ್ಸಿಡಿಯೂ ತಪ್ಪೆಂದು ಸಮಿತಿ ಹೇಳಿತು. ಆ ವಿಷಯದಲ್ಲಿ ನಮ್ಮ ವಾದ ಅಷ್ಟು ಗಟ್ಟಿಯಾಗಿರಲಿಲ್ಲ.

ಭಾರತ ಮೇಲ್ಮನವಿ ಹಾಕಿತು. ಏಳು ಸದಸ್ಯರಿರಬೇಕಾದ ಮೇಲ್ಮನವಿ ಪೀಠಕ್ಕೆ ಹೊಸಬರ ನೇಮಕವನ್ನು ಅಮೆರಿಕ ತಡೆಯುತ್ತ ಬಂದದ್ದರಿಂದ, 2019ರ ಡಿಸೆಂಬರ್‌ನಿಂದ ಅದು ಹೊಸ ಮೇಲ್ಮನವಿ ಕೇಳುವ ಸ್ಥಿತಿಯಲ್ಲಿಲ್ಲ. ಮೇಲ್ಮನವಿ ಬಾಕಿ ಇರುವಾಗ ಸಮಿತಿಯ ವರದಿ ಅಂಗೀಕಾರವಾಗುವುದಿಲ್ಲ. ಹಾಗಾಗಿ ಈ ವರದಿಯ ಕಾರಣಕ್ಕೆ ಎಫ್‌ಆರ್‌ಪಿ ನಿಲ್ಲುವ ಪ್ರಶ್ನೆ ಸದ್ಯಕ್ಕಿಲ್ಲ. ಆದರೆ ನಾಳೆ ನಾವು ಗೆದ್ದ ಕೇಸನ್ನೂ ಎದುರಾಳಿ ಇದೇ ದಾರಿಯಲ್ಲಿ ನನೆಗುದಿಗೆ ಹಾಕಬಹುದು.

ಪ್ರಶ್ನೆ: ಸೋತ ದೇಶ ತೀರ್ಪು ಪಾಲಿಸದಿದ್ದರೆ ದಂಡ ಹಾಕುತ್ತಾರೆಯೇ?
– ವಾಣಿಜ್ಯ ವಿದ್ಯಾರ್ಥಿ, ಧಾರವಾಡ

ಉತ್ತರ: ದಂಡವಿಲ್ಲ, ಹಿಂದಿನ ನಷ್ಟಕ್ಕೆ ಪರಿಹಾರವೂ ಇಲ್ಲ. ತಿದ್ದಿಕೊಳ್ಳಲು ಕಾಲಾವಕಾಶ ಕೊಡುತ್ತಾರೆ, ಸಾಮಾನ್ಯವಾಗಿ 15 ತಿಂಗಳ ಮಿತಿಯಲ್ಲಿ. ಆಮೇಲೂ ತಿದ್ದಿಕೊಳ್ಳದಿದ್ದರೆ ಗೆದ್ದ ದೇಶ ಅನುಮತಿ ಪಡೆದು, ತನಗಾದ ನಷ್ಟಕ್ಕೆ ಸಮನಾಗಿ ಸೋತ ದೇಶದ ಸರಕಿನ ಮೇಲೆ ಸುಂಕ ಏರಿಸಬಹುದು. ಹಕ್ಕಿ ಜ್ವರದ ಕಾರಣ ಕೊಟ್ಟು ಅಮೆರಿಕದ ಕೋಳಿ ಉತ್ಪನ್ನಗಳನ್ನು ತಡೆದಿದ್ದ ಪ್ರಕರಣದಲ್ಲಿ ಭಾರತ 2015ರಲ್ಲಿ ಸೋತಿತು. ಅಮೆರಿಕ ವರ್ಷಕ್ಕೆ 45 ಕೋಟಿ ಡಾಲರ್ ಮೊತ್ತದ ಪ್ರತೀಕಾರಕ್ಕೆ ಅನುಮತಿ ಕೇಳಿತ್ತು. ಕೊನೆಗೆ 2023ರಲ್ಲಿ ಟರ್ಕಿ ಕೋಳಿ, ಬಾತುಕೋಳಿ, ಬ್ಲೂಬೆರಿ ಮೊದಲಾದವುಗಳ ಸುಂಕ ಇಳಿಸಲು ಭಾರತ ಒಪ್ಪಿ ರಾಜಿಯಾಯಿತು.

ಪ್ರಶ್ನೆ: ನಮ್ಮ ಸರಕನ್ನು ವಿದೇಶಿ ಬಂದರಿನಲ್ಲಿ ತಿರಸ್ಕರಿಸಿದರೆ ನಾವೇ ಜಿನೀವಾಕ್ಕೆ ದೂರು ಕೊಡಬಹುದೇ?
– ಗೆರ್ಕಿನ್ ರಫ್ತುದಾರರು, ಹಾಸನ

ಉತ್ತರ: ಆಗದು. ದೂರು ಕೊಡುವ ಹಕ್ಕು ಸದಸ್ಯ ಸರ್ಕಾರಗಳಿಗೆ ಮಾತ್ರ. ತಿರಸ್ಕಾರದ ಪತ್ರ, ಶಿಪ್ಪಿಂಗ್ ಬಿಲ್, ಎಚ್‌ಎಸ್ ಕೋಡ್ (ಸರಕಿನ ಅಂತರರಾಷ್ಟ್ರೀಯ ವರ್ಗ ಸಂಖ್ಯೆ), ಪ್ರಯೋಗಾಲಯದ ವರದಿ ಜೋಡಿಸಿ ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರವಾದ ಅಪೆಡಾ ಇಲ್ಲವೇ ಕೇಂದ್ರ ವಾಣಿಜ್ಯ ಇಲಾಖೆಗೆ ಕೊಡಿ. ಒಬ್ಬರೇ ಹೋಗುವುದಕ್ಕಿಂತ ರಫ್ತುದಾರರ ಸಂಘದ ಮೂಲಕ ಹೋಗುವುದು ಮೇಲು. ಆಹಾರ ಸುರಕ್ಷತೆಯ ತಕರಾರಾದರೆ, ಕೇಸು ಹೂಡದೆಯೇ ವಿಶ್ವ ವ್ಯಾಪಾರ ಸಂಸ್ಥೆಯ ಸಂಬಂಧಪಟ್ಟ ಸಮಿತಿಯಲ್ಲಿ ಸರ್ಕಾರ ಅದನ್ನು ಎತ್ತಬಹುದು. ಮೊದಲು ಅದನ್ನೇ ಕೇಳಿ.