ಕಿವಿಗೆ ನೀರು ಬಿಟ್ಟು ಕಣ್ಣು ನೋಡಿದ ಡಾಕ್ಟರು

ಪ್ರಶ್ನೆ: ನಮ್ಮ ಅತ್ತೆಗೆ ಆಗಾಗ ತಲೆ ತಿರುಗುತ್ತದೆ. ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರು ಕಿವಿಗೆ ತಣ್ಣೀರು, ಆಮೇಲೆ ಬಿಸಿನೀರು ಬಿಟ್ಟು ಕಣ್ಣು ನೋಡಿದರು. ಅತ್ತೆಗೆ ತಲೆ ಇನ್ನೂ ಜೋರಾಗಿ ತಿರುಗಿ ವಾಂತಿ ಬರುವ ಹಾಗಾಯಿತು. ಇದನ್ನು ಕಂಡುಹಿಡಿದವರು ನೊಬೆಲ್ ಪಡೆದವರು, ಊರು ಬಿಟ್ಟು ಹೋದವರು ಎಂದರು. ಯಾರವರು? ತಲೆ ತಿರುಗುವವರ ಕಿವಿಗೆ ನೀರು ಯಾಕೆ?
- ಓದುಗರು, ಬದಿಯಡ್ಕ

ಉತ್ತರ: ಅವರು ರಾಬರ್ಟ್ ಬಾರಾನಿ. 1876ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮೂಳೆಗೆ ಕ್ಷಯ ತಗಲಿ ಒಂದು ಮೊಣಕಾಲು ಬಿಗಿದುಹೋಗಿತ್ತು. ಡಾಕ್ಟರಾಗಬೇಕೆಂಬ ಆಸೆ ಹುಟ್ಟಿದ್ದು ಆ ಕಾಯಿಲೆಯಿಂದಲೇ. 1900ರಲ್ಲಿ ಡಾಕ್ಟರಾದರು, ಮುಂದೆ ಆಡಂ ಪೊಲಿಟ್ಸರ್ ಅವರ ಕಿವಿ ಆಸ್ಪತ್ರೆಗೆ ಸೇರಿದರು.

ಅಲ್ಲಿ ಕಿವಿ ತೊಳೆಯುವುದು ದಿನನಿತ್ಯದ ಕೆಲಸ. ತೊಳೆದಾಗ ಕೆಲವರಿಗೆ ತಲೆ ತಿರುಗುತ್ತಿತ್ತು, ಕಣ್ಣುಗುಡ್ಡೆ ಒಂದು ಬದಿಗೆ ಜಗ್ಗಿ ಜಗ್ಗಿ ಓಡುತ್ತಿತ್ತು. ಒಂದು ದಿನ ಒಬ್ಬ ರೋಗಿ ಹೇಳಿದರು: ನೀರು ಸರಿಯಾಗಿ ಬಿಸಿ ಇಲ್ಲದಿದ್ದರೆ ಮಾತ್ರ ತಲೆ ತಿರುಗುತ್ತದೆ, ಮನೆಯಲ್ಲಿ ನಾನೇ ಬಿಸಿನೀರಲ್ಲಿ ತೊಳೆದುಕೊಂಡರೆ ಏನೂ ಆಗುವುದಿಲ್ಲ. ಬಾರಾನಿ ನರ್ಸ್ ಹತ್ತಿರ ಬೆಚ್ಚಗಿನ ನೀರು ಕೇಳಿದರು. ಇನ್ನೊಂದು ಸಲ ನೀರು ತೀರಾ ಬಿಸಿಯಾಗಿ ರೋಗಿ ಕೂಗಿಕೊಂಡಾಗ, ಕಣ್ಣು ಮೊದಲಿನದಕ್ಕೆ ಉಲ್ಟಾ ದಿಕ್ಕಿಗೆ ಓಡುವುದು ಕಂಡಿತು.

ಬೇರೆ ಡಾಕ್ಟರುಗಳ ಮುಂದೆಯೂ ರೋಗಿಗಳು ಹೀಗೆ ಗೊಣಗಿರಬಹುದು. ಆ ಗೊಣಗಾಟದ ಬೆನ್ನು ಹತ್ತಿದವರು ಇವರು. ನನಗೆ ಅವರು ದೊಡ್ಡವರಾಗಿ ಕಾಣುವುದು ನೊಬೆಲ್‌ಗಿಂತ ಜಾಸ್ತಿ ಇದಕ್ಕೇ.

ಕಾರಣ ಹೊಳೆದದ್ದು ಸ್ನಾನದ ಬಾಯ್ಲರಿನಿಂದ. ನಮ್ಮ ಬಚ್ಚಲ ಹಂಡೆಯಲ್ಲೂ ಒಲೆ ಕೆಳಗಿದ್ದರೂ ಮೊದಲು ಬಿಸಿಯಾಗುವುದು ಮೇಲಿನ ನೀರು, ಅಲ್ವಾ? ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಳೆಯಾಕಾರದ ನಾಳಗಳಿವೆ, ನಮ್ಮ ಬ್ಯಾಲೆನ್ಸ್ ನೋಡಿಕೊಳ್ಳುವುದು ಅವೇ. ಬಿಸಿನೀರು ಬಿಟ್ಟರೆ ಹೊರಗಿವಿಗೆ ಹತ್ತಿರದ ನಾಳದ ದ್ರವ ಮೇಲೇರುತ್ತದೆ, ತಣ್ಣೀರಿಗೆ ಕೆಳಗಿಳಿಯುತ್ತದೆ, ಮಲಗಿದ್ದಲ್ಲೇ ತಲೆ ತಿರುಗುತ್ತಿದೆ ಎಂದು ಮಿದುಳು ನಂಬಿ ಕಣ್ಣನ್ನು ಓಡಿಸುತ್ತದೆ. ತಣ್ಣೀರಿಗೆ ಕಣ್ಣು ಜಗ್ಗುವುದು ಆಚೆ ಕಿವಿಯ ಕಡೆಗೆ, ಬಿಸಿನೀರಿಗೆ ಅದೇ ಕಿವಿಯ ಕಡೆಗೆ. ಒಂದು ಬದಿಯ ಕಿವಿಗೆ ನೀರು ಬಿಟ್ಟಾಗ ಕಣ್ಣು ಸರಿಯಾಗಿ ಓಡದಿದ್ದರೆ ಆ ಬದಿಯ ಒಳಕಿವಿ ಸೋತಿದೆ ಎಂದರ್ಥ. ಈಗ ಸಾಮಾನ್ಯವಾಗಿ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರು ಬಳಸುತ್ತಾರೆ. (1983ರಲ್ಲಿ ಬಾಹ್ಯಾಕಾಶದಲ್ಲೂ ಈ ಪರೀಕ್ಷೆ ಮಾಡಿದರು. ಬಿಸಿಯದು ಮೇಲೇರದ ಆ ಜಾಗದಲ್ಲೂ ಕಣ್ಣು ಓಡಿತು! ಹಾಗಾಗಿ ಹಂಡೆಯ ಲೆಕ್ಕ ಪೂರ್ತಿ ಕತೆ ಅಲ್ಲ.)

ಮೊದಲ ಮಹಾಯುದ್ಧ ಬಂದಾಗ ಬಿಗಿದ ಮೊಣಕಾಲಿನ ಈ ಮನುಷ್ಯ ತಾನಾಗಿ ಸೈನ್ಯದ ಡಾಕ್ಟರಾಗಿ ಹೋದರು. 1915ರಲ್ಲಿ ಆಸ್ಟ್ರಿಯಾದವರ ಷೆಮಿಷಲ್ ಕೋಟೆ (ಈಗಿನ ಪೋಲೆಂಡಿನಲ್ಲಿದೆ) ಬಿದ್ದಾಗ ರಷ್ಯನ್ನರ ಕೈಗೆ ಸಿಕ್ಕರು. ದೂರದ ಮಧ್ಯ ಏಷ್ಯಾದ ಮೆರ್ವ್ ಎಂಬಲ್ಲಿನ ಸೆರೆ ಕ್ಯಾಂಪಿನಲ್ಲಿ ಮಲೇರಿಯಾ ಹಿಡಿಯಿತು. ಆದರೂ ಕೈದಿಗಳ, ಊರವರ ಕಿವಿ ನೋಡುತ್ತಿದ್ದರು. 1914ರ ನೊಬೆಲ್ ತಮಗೆ ಬಂದಿದೆ ಎಂಬ ಸುದ್ದಿ ಸಿಕ್ಕಿದ್ದೂ ಸೆರೆಯಲ್ಲೇ. ರೆಡ್ ಕ್ರಾಸ್ ಪರವಾಗಿ ಸ್ವೀಡನ್ನಿನ ರಾಜಕುಮಾರ ಕಾರ್ಲ್ ರಷ್ಯಾದ ದೊರೆಯನ್ನು ಕೇಳಿಕೊಂಡ ಮೇಲೆ 1916ರಲ್ಲಿ ಬಿಡುಗಡೆ.

ಊರಿಗೆ ಬಂದರೆ ಸಿಕ್ಕಿದ್ದೇನು? ಬೇರೆಯವರ ಕೆಲಸ ಬಳಸಿಕೊಂಡು ಹೆಸರು ಹೇಳಲಿಲ್ಲ ಎಂಬ ಆರೋಪ, ಅದೂ ಸ್ವಂತ ಊರಿನ ಡಾಕ್ಟರುಗಳಿಂದ. ಮನಸ್ಸು ಮುರಿದು 1917ರಲ್ಲಿ ಸ್ವೀಡನ್ನಿನ ಉಪ್ಸಾಲಕ್ಕೆ ಹೋದರು, 1936ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ತಲೆಯನ್ನು ಒಂದು ಬದಿಗೆ ಇಟ್ಟಾಗ ಮಾತ್ರ ಬರುವ ತಲೆಸುತ್ತಿನ ಬಗ್ಗೆ 1921ರಲ್ಲಿ ಬರೆದದ್ದು ಅಲ್ಲಿಗೆ ಹೋದ ಮೇಲೆ.

ನಿಮ್ಮ ಅತ್ತೆಗೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಹೀಗಾಗುತ್ತದಾ? ಹಾಗಿದ್ದರೆ ಡಾಕ್ಟರಿಗೆ ಹೇಳಿ. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರೆ ಎಪ್ಲಿ ಎಂಬ ಕ್ರಮದಲ್ಲಿ ತಲೆ ತಿರುಗಿಸಿಯೇ ಸರಿಮಾಡಬಹುದು, ಸುಮ್ನೆ ಮಾತ್ರೆ ನುಂಗುತ್ತಾ ಕೂರುವುದು ಬೇಡ. ಆದರೆ ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ, ತಕ್ಷಣ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಮಗ ಇಎನ್‌ಟಿಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ, ಬ್ರಿಟನ್‌ಗೆ ಹೋಗಬೇಕಂತೆ. ಇಲ್ಲಿಯ ಡಿಗ್ರಿ ಸಾಕಲ್ವಾ?
- ಓದುಗರು, ಮಂಜೇಶ್ವರ

ಉತ್ತರ: ಸಾಲದು. ಮೊದಲು ಅಲ್ಲಿಯ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಅದಕ್ಕೆ ಹೊರದೇಶದ ಡಾಕ್ಟರುಗಳಿಗಿರುವ ಪ್ಲ್ಯಾಬ್ ಪರೀಕ್ಷೆ ಒಂದು ದಾರಿ, ಸರ್ಜನ್‌ಗಳಿಗೆ ಅಲ್ಲಿಯ ಸರ್ಜನ್ ಕಾಲೇಜುಗಳ ಎಂಆರ್‌ಸಿಎಸ್ ಪರೀಕ್ಷೆ ಇನ್ನೊಂದು ದಾರಿ. ಇಂಗ್ಲಿಷ್ ಬರುತ್ತದೆ ಎಂದೂ ತೋರಿಸಬೇಕು. ಕನ್ಸಲ್ಟೆಂಟ್, ಅಂದರೆ ಅಲ್ಲಿಯ ಹಿರಿಯ ತಜ್ಞ ಡಾಕ್ಟರ್, ಆಗುವುದು ಆಮೇಲಿನ ಮಾತು. ಅಲ್ಲಿಯ ತರಬೇತಿ ಮುಗಿಸಬೇಕು, ಇಲ್ಲವೇ ಆ ಕೆಲಸಕ್ಕೆ ಬೇಕಾದ ಜ್ಞಾನ, ಅನುಭವ ತನಗಿದೆ ಎಂದು ದಾಖಲೆ ಸಮೇತ ತೋರಿಸಬೇಕು. ಇಲ್ಲಿ ತಾನೇ ಕಿವಿ ಆಪರೇಷನ್ ಮಾಡುತ್ತಿದ್ದವನು ಅಲ್ಲಿ ಕೆಳಗಿನ ಹುದ್ದೆಯಲ್ಲಿ ಮತ್ತೆ ಇನ್ನೊಬ್ಬರಿಗೆ ಸಹಾಯಕನಾಗಿ ನಿಲ್ಲಬೇಕಾಗಬಹುದು. ಅದಕ್ಕೆ ಮನಸ್ಸು ತಯಾರಿದ್ದರೆ ಹೋಗಲಿ, ಕಲಿಯುವುದು ತುಂಬಾ ಇದೆ. ಸದ್ಯಕ್ಕೆ, ತಾನು ಮಾಡಿದ, ಜೊತೆಗೆ ನಿಂತ ಪ್ರತಿ ಆಪರೇಷನ್ನನ್ನೂ ಲಾಗ್‌ಬುಕ್ಕಿನಲ್ಲಿ ಬರೆದು ಗೈಡ್ ಸಹಿ ಹಾಕಿಸಿಕೊಳ್ಳಲು ಹೇಳಿ. ರೋಗಿಯ ಹೆಸರು ಅದರಲ್ಲಿ ಬೇಡ.