ದೊಡ್ಡ ಡಿಸ್ಕೌಂಟ್ ಮಳಿಗೆ ಬರ್ತಾ ಇದೆ, ನಾನೂ ರೇಟು ಇಳಿಸಬೇಕಾ?

"ಆರು ತಿಂಗಳಲ್ಲಿ ನಮ್ಮ ಹತ್ತಿರ ದೊಡ್ಡ ಡಿಸ್ಕೌಂಟ್ ಮಳಿಗೆ ತೆರೆಯುತ್ತದೆ. ಅವರ ರೇಟಿಗೆ ಇಳಿಯಲಾ, ಇಲ್ಲ ಈಗಲೇ ಅಂಗಡಿ ಮುಚ್ಚಿಬಿಡಲಾ?" ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನನ್ನ ತಲೆಯಲ್ಲೂ ಇವೇ ಎರಡು ದಾರಿ ಇದ್ದವು. ನಾನು ಮೊದಲನೆಯದನ್ನು ಹಿಡಿದೆ. ಹದಿನಾಲ್ಕು ತಿಂಗಳಲ್ಲಿ ಎರಡನೆಯದಕ್ಕೆ ಬಂದು ನಿಂತೆ.

ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಸ್ಕ್ರೂ, ಬೀಗ, ನಲ್ಲಿ, ಬಲ್ಬು, ಪೇಂಟು. ಆಗ ನಮ್ಮ ಹತ್ತಿರವೂ ಅಂಥದ್ದೇ ಮಳಿಗೆ ಬಂತು. ಅದು ಶುರುವಾದ ವಾರವೇ ಜೇಬಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಮೂರು ಸಂಜೆ ಅಲ್ಲಿ ಸುತ್ತಿದೆ. ನಲವತ್ತು ಸಾಮಾನಿನ ರೇಟು ಬರೆದುಕೊಂಡೆ. ಕೆಲವು ನನ್ನ ಖರೀದಿ ರೇಟಿಗಿಂತಲೂ ಕಡಿಮೆ ಇದ್ದವು. ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ಬೆಳಿಗ್ಗೆ ಅಂಗಡಿಯ ಎಲ್ಲಾ ಚೀಟಿ ಕಿತ್ತು ಹೊಸದು ಅಂಟಿಸಿದೆ, ಹತ್ತಿರ ಹತ್ತಿರ ನೂರಕ್ಕೆ 10 ಕಡಿಮೆ. ಹೊರಗೆ ಬೋರ್ಡು ಬೇರೆ: "ಅಲ್ಲಿಯ ರೇಟೇ ಇಲ್ಲೂ".

ನನ್ನನ್ನು ಮುಳುಗಿಸಿದ್ದು ಇದೇ. ಬೇಜಾರಾದರೂ ಸ್ವಲ್ಪ ವಿವರವಾಗಿ ಹೇಳ್ತೀನಿ, ಲೆಕ್ಕ ನೋಡಿ. ಅಸಲು 80, ಮಾರುವ ಬೆಲೆ 100 ಇದ್ದರೆ ಉಳಿಯುವುದು 20. ಬೆಲೆ 90ಕ್ಕೆ ಇಳಿಸಿದರೆ ಉಳಿಯುವುದು 10. ಗಿರಾಕಿಗೆ ಕಾಣುವುದು ಹತ್ತು ಪರ್ಸೆಂಟ್ ಕಡಿತ. ನನ್ನ ಗಲ್ಲಾದಿಂದ ಹೋದದ್ದು ಅರ್ಧಕ್ಕೆ ಅರ್ಧ ಲಾಭ. ಮೊದಲಿನಷ್ಟೇ ದುಡ್ಡು ಉಳಿಯಬೇಕಾದರೆ ಎರಡರಷ್ಟು ಮಾಲು ಮಾರಬೇಕು. ಬಾಡಿಗೆ, ಕರೆಂಟು, ಹುಡುಗನ ಸಂಬಳ ಯಾವುದೂ ಅರ್ಧ ಆಗಲ್ಲ. ಎದುರಿಗೆ ಅಷ್ಟು ದೊಡ್ಡ ಮಳಿಗೆ ಇರುವಾಗ ನನ್ನ ವ್ಯಾಪಾರ ಎರಡರಷ್ಟು ಆಗೋದುಂಟಾ? ಐದನೇ ಕ್ಲಾಸಿನ ಲೆಕ್ಕ. ನಾನು ಮಾಡಿರಲಿಲ್ಲ.

ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿತ್ತು. ಗಿರಾಕಿಗಳು ಎಲ್ಲಾ ಸಾಮಾನಿನ ರೇಟನ್ನೂ ನೆನಪಿಟ್ಟುಕೊಳ್ಳಲ್ಲ. ಪದೇ ಪದೇ ಕೊಳ್ಳುವ ಕೆಲವೇ ಸಾಮಾನಿನ ರೇಟು ಮಾತ್ರ ತಲೆಯಲ್ಲಿರುತ್ತದೆ. ದೊಡ್ಡ ಮಳಿಗೆಯವರಿಗೆ ಇದು ಚೆನ್ನಾಗಿ ಗೊತ್ತು. ಬಲ್ಬು, ಬ್ಯಾಟರಿಯಂಥವನ್ನು ಬಾಗಿಲಲ್ಲೇ ಜೋಡಿಸಿ ರೇಟು ನೆಲಕ್ಕಿಳಿಸುತ್ತಾರೆ, ಬೇಕಿದ್ದರೆ ನಷ್ಟಕ್ಕೂ ಮಾರುತ್ತಾರೆ. ಒಳಗೆ ಹೋದಂತೆ ಉಳಿದ ಸಾಮಾನಿನಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು ಬಾಗಿಲ ಹತ್ತಿರದ ನಲವತ್ತು. ಇಳಿಸಿದ್ದು ಅಂಗಡಿಯಲ್ಲಿದ್ದ ಎರಡು ಸಾವಿರ!

ಇದು ಗೊತ್ತಾಗಿದ್ದು ಒಂದು ವಾಷರಿನಿಂದ. ಒಬ್ಬರು ಬಂದರು, ಕೈಯಲ್ಲಿ ಆ ಮಳಿಗೆಯಲ್ಲೇ ಕೊಂಡ ನಲ್ಲಿ. ಬುಡದಲ್ಲಿ ನೀರು ಸೋರುತ್ತೆ ಅಂದರು. ಡಬ್ಬಿಯಲ್ಲಿ ಬೆರಳಾಡಿಸಿ ಮೂರು ವಾಷರ್ ಹಾಕಿ ನೋಡಿದೆ, ನಾಲ್ಕನೆಯದು ಕೂತಿತು. "ಅಲ್ಲಿ ಹನ್ನೆರಡರ ಪ್ಯಾಕೆಟ್ಟೇ ತಗೋಬೇಕಂತೆ. ಯಾವ ಸೈಜು ಅಂತ ಹೇಳೋರೂ ಇಲ್ಲ" ಅಂದರು. ದುಡ್ಡು ಕೊಟ್ಟರು, ಚೀಟಿಯ ಕಡೆ ಕಣ್ಣೂ ಹಾಕಲಿಲ್ಲ. ಆ ವಾಷರಿನ ಮೇಲೂ ನಾನು ಹತ್ತು ಪರ್ಸೆಂಟ್ ಇಳಿಸಿದ್ದೆ, ಯಾರೂ ಕೇಳದೆ. ಅಷ್ಟೊತ್ತಿಗೆ ಹನ್ನೆರಡು ತಿಂಗಳು ಕಳೆದು, ಸಾಲ ಕುತ್ತಿಗೆಗೆ ಬಂದಿತ್ತು.

ಅವರು ಲಾಭವಿಲ್ಲದೆ ಮಾರುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದ ವಾಲ್‌ಮಾರ್ಟ್‌ನಂಥ ಕಂಪನಿಗೂ ನೂರರ ಮಾರಾಟದಲ್ಲಿ ಅಸಲು ಕಳೆದು ಸುಮಾರು 24 ಉಳಿಯುತ್ತದೆ. ಆದರೆ ಅವರು ಕೊಳ್ಳುವುದು ಲೋಡುಗಟ್ಟಲೆ. ಗೋದಾಮು ಅವರದೇ, ಲಾರಿ ಅವರದೇ. ನನ್ನ ಖರೀದಿ ರೇಟೇ ಅವರಿಗಿಂತ ಮೇಲಿದ್ದಾಗ ರೇಟಿನ ಜಗಳಕ್ಕೆ ಇಳಿಯುವುದು ಹೇಗೆ? ದೈತ್ಯರೇ ದೈತ್ಯರ ಮುಂದೆ ಸೋಲುತ್ತಾರೆ ಸ್ವಾಮಿ. ವಾಲ್‌ಮಾರ್ಟ್ ಮತ್ತು ಅದರ ಎದುರಾಳಿ ಕೆ-ಮಾರ್ಟ್ ಎರಡರ ಮೊದಲ ಮಳಿಗೆ ತೆರೆದದ್ದೂ 1962ರಲ್ಲಿ. 2002ರಲ್ಲಿ ಕೆ-ಮಾರ್ಟ್ ದಿವಾಳಿ ಅರ್ಜಿ ಹಾಕಿತು. ಅದೇ ವಾಲ್‌ಮಾರ್ಟ್ ಜರ್ಮನಿಯಲ್ಲಿ ಅಲ್ಲಿಯದೇ ಡಿಸ್ಕೌಂಟ್ ಮಳಿಗೆಗಳಾದ ಆಲ್ಡಿ, ಲಿಡ್ಲ್ ಮುಂದೆ ನಿಲ್ಲಲಾಗದೆ 2006ರಲ್ಲಿ ಅಲ್ಲಿನ 85 ಮಳಿಗೆ ಮಾರಿ ಹೊರಟಿತು. ಅವರೂ ಅಗ್ಗದ ಆಟದಲ್ಲಿ ಪಳಗಿದ ದೈತ್ಯರೇ.

"ಹಳೇ ಗಿರಾಕಿಗಳಿಗೆ ನಿಯತ್ತಿಲ್ಲ" ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ತಿಂಗಳ ಕೊನೆಗೆ ಕೈ ಬಿಗಿ ಇರುವವರಿಗೆ ಅಲ್ಲಿ ನಿಜವಾಗಿಯೂ ದುಡ್ಡು ಉಳಿಯುತ್ತದೆ. ನಾನೇ ಅಲ್ಲಿಂದ ಬಕೆಟ್ ತಂದಿದ್ದೇನೆ. ನಿಯತ್ತಿನ ಮಾತು ಆಡಿದಷ್ಟೂ ಬರುವವರಿಗೂ ಮುಜುಗರ ಆಗುತ್ತದೆ, ಅಷ್ಟೇ.

ಆದರೆ ಬೀದಿಗೆ ಪೆಟ್ಟು ಬೀಳುತ್ತದೆ ಅನ್ನೋದು ನಿಜ, ಅದೂ ನಾವು ನೋಡದ ಕಡೆಯಿಂದ. ನಮ್ಮ ಸಾಲಿನಲ್ಲಿ ಮೊದಲು ಮುಚ್ಚಿದ್ದು ಆಟಿಕೆ ಅಂಗಡಿ, ಆಮೇಲೆ ಪಾತ್ರೆ ಅಂಗಡಿ. ಅವರು ಹೋದರೆ ನನಗೇನು ಅಂದುಕೊಂಡಿದ್ದೆ. ಆದರೆ ಅಲ್ಲಿಗೆ ಬಂದವರೇ ಹಾಗೇ ನನ್ನ ಹತ್ತಿರವೂ ಒಂದು ಬೀಗ ಕೊಳ್ಳುತ್ತಿದ್ದರು. ಇನ್ನೊಂದು, ಪ್ರತಿ ಮಂಗಳವಾರ ಬರುತ್ತಿದ್ದ ಸಗಟು ಕಂಪನಿಯ ಸೇಲ್ಸ್‌ಮ್ಯಾನ್ ಹದಿನೈದು ದಿನಕ್ಕೊಮ್ಮೆ ಆದರು, ಆಮೇಲೆ ಫೋನಿಗೆ ಇಳಿದರು. "ಈ ರೂಟಲ್ಲಿ ಮೂರೇ ಅಂಗಡಿ ಉಳಿದಿವೆ, ಗಾಡಿ ಡೀಸೆಲ್ಲೂ ಹುಟ್ಟಲ್ಲ ಅಣ್ಣಾ" ಅಂದರು. ಪಕ್ಕದ ಅಂಗಡಿ ಮುಚ್ಚಿದ್ದಕ್ಕೆ ನನಗೆ ಬರುವ ಮಾಲು ತುಟ್ಟಿಯಾಯಿತು.

ಅಮೆರಿಕದ ಅಯೋವಾ ರಾಜ್ಯದಲ್ಲಿ ಕೆನೆತ್ ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ವಾಲ್‌ಮಾರ್ಟ್ ಬಂದ ಊರುಗಳಲ್ಲಿ ಅದೇ ಮಾಲು ಮಾರುವವರು ಸೊರಗಿದರು. ಅಲ್ಲಿ ಸಿಗದ್ದನ್ನು ಮಾರುವವರಿಗೆ ಬಂದ ಜನಸಂದಣಿಯಿಂದ ಲಾಭವೂ ಆಯಿತು. ಸುತ್ತಲಿನ ಸಣ್ಣ ಊರುಗಳಿಗೆ ಪೆಟ್ಟು ಜಾಸ್ತಿ. ಕೆಲಸಗಳ ವಿಷಯದಲ್ಲಿ ಅರ್ಥಶಾಸ್ತ್ರಜ್ಞರು ಇನ್ನೂ ಜಗಳ ಆಡ್ತಾರೆ. ಒಟ್ಟಾರೆ ಸ್ವಲ್ಪ ಹೆಚ್ಚುತ್ತವೆ ಅಂತ ಒಬ್ಬರು, ಒಂದು ಹುಟ್ಟಿದರೆ ಒಂದಕ್ಕಿಂತ ಜಾಸ್ತಿ ಸಾಯುತ್ತವೆ ಅಂತ ಇನ್ನೊಬ್ಬರು. ಆ ಜಗಳ ಮುಗಿಯುವವರೆಗೆ ನೀವು ಕಾಯೋಕಾಗಲ್ಲ, ಅಲ್ವಾ?

ಹಾಗಾಗಿ ಇಳಿಸಲಾ ಮುಚ್ಚಲಾ ಅನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮದು ಯಾವ ಅಂಗಡಿ ಅಂತ ಬರೆದಿಲ್ಲ, ಪರವಾಗಿಲ್ಲ. ಕಳೆದ ಮೂರು ತಿಂಗಳ ಬಿಲ್ಲು ತೆಗೆಯಿರಿ. ಗಿರಾಕಿ ರೇಟು ಕೇಳಿ ಕೊಂಡದ್ದು ಒಂದು ಕಡೆ, "ಇದಕ್ಕೆ ಯಾವುದು ಹೊಂದುತ್ತೆ" ಅಂತ ಕೇಳಿ ಕೊಂಡದ್ದು ಇನ್ನೊಂದು ಕಡೆ ಬರೆಯಿರಿ. ಮೊದಲನೆಯದರ ಸ್ಟಾಕು ಈಗಿನಿಂದಲೇ ಕರಗಿಸಿ, ಹೊಸ ಆರ್ಡರ್ ಹಾಕಬೇಡಿ. ಎರಡನೆಯದರ ರೇಟಿಗೆ ಮಾತ್ರ ಕೈ ಹಚ್ಚಬೇಡಿ.

ನಾನು ದೊಡ್ಡ ಅಂಗಡಿ ಬಿಟ್ಟು ಈಗ ಒಂದೇ ಬಾಗಿಲಿನ ಕೋಣೆಯಲ್ಲಿದ್ದೇನೆ. ಬಲ್ಬು ಇಡಲ್ಲ. ಕೀಲಿ ಕತ್ತರಿಸ್ತೀನಿ, ಪೈಪಿಗೆ ಥ್ರೆಡ್ ಹಾಕ್ತೀನಿ, ಬಿಡಿ ಸ್ಕ್ರೂ ಒಂದು ಕೇಳಿದರೂ ಕೊಡ್ತೀನಿ. ನಲ್ಲಿ ಸೋರುತ್ತೆ ಅಂತ ದೂರು ಹೇಳುವವರಿಗೆ ಆ ಮಳಿಗೆಯ ಕೌಂಟರಿನ ಹುಡುಗಿಯೇ ನನ್ನ ಅಡ್ರೆಸ್ ಬರೆದುಕೊಡುತ್ತಾಳೆ.