ಬೋರ್ಡಿಗೆ ಕರೆಂಟಿದೆ, ಪೋರ್ಟಿಗೆ ಯಾಕಿಲ್ಲ?

ಪ್ರಶ್ನೆ: ಪಂಪ್‌ಸೆಟ್ ನಿಯಂತ್ರಿಸುವ ಲಿನಕ್ಸ್ ಬೋರ್ಡ್ ಮಾಡುತ್ತಿದ್ದೇವೆ. ಪ್ರೊಸೆಸರ್ ರಾಕ್‌ಚಿಪ್, ಯುಎಸ್‌ಬಿಯಲ್ಲಿ 4ಜಿ ಡಾಂಗಲ್. ಬೂಟ್ ಆಗಿ ಅರ್ಧ ನಿಮಿಷ ಚೆನ್ನಾಗಿ ನಡೆದು, ಡಾಂಗಲ್‌ನ ದೀಪ ಆರಿಹೋಗುತ್ತದೆ. ಲಾಗ್‌ನಲ್ಲಿ ‘ವಿಸಿಸಿ5ವಿ0_ಹೋಸ್ಟ್: ಡಿಸೇಬ್ಲಿಂಗ್’ ಎಂಬ ಸಾಲು. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರನ್ನು ಲಿನಕ್ಸಿಗೆ ವಿವರಿಸುವ ಫೈಲು) ‘ರೆಗ್ಯುಲೇಟರ್-ಬೂಟ್-ಆನ್’ ಇತ್ತು. ಅದರ ಜೊತೆ ‘ರೆಗ್ಯುಲೇಟರ್-ಆಲ್ವೇಸ್-ಆನ್’ ಸೇರಿಸಿದ ಮೇಲೆ ಸರಿಹೋಯಿತು. ಹಾಗೇ ಬಿಡಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬಿಡಬೇಡಿ. ಬೂಟ್ ಮುಗಿದು ಸುಮಾರು 30 ಸೆಕೆಂಡಿಗೆ ಕರ್ನಲ್ (ಲಿನಕ್ಸ್‌ನ ತಿರುಳು) ಒಂದು ಸುತ್ತು ಹಾಕಿ, ಆನ್ ಆಗಿದ್ದೂ ಯಾರೂ ‘ನನಗೆ ಬೇಕು’ ಎಂದು ಕೇಳದ ರೆಗ್ಯುಲೇಟರ್‌ಗಳನ್ನೆಲ್ಲ (ವೋಲ್ಟೇಜ್ ಒದಗಿಸುವ ಭಾಗಗಳು) ಆರಿಸುತ್ತದೆ. ನಿಮ್ಮ 5 ವೋಲ್ಟ್ ಲೈನ್ ಹೀಗೆ ವಾರಸುದಾರರಿಲ್ಲದೆ ನಿಂತಿತ್ತು. ಆಲ್ವೇಸ್-ಆನ್ ಹಾಕಿದರೆ ಅದು ಆರುವುದಿಲ್ಲ ನಿಜ, ಆದರೆ ನಿಮಗೆ ಬೇಕಾದಾಗಲೂ ಆರುವುದಿಲ್ಲ. 4ಜಿ ಡಾಂಗಲ್ ಒಂದಲ್ಲ ಒಂದು ದಿನ ಹ್ಯಾಂಗ್ ಆಗಿಯೇ ಆಗುತ್ತದೆ. ಆಗ ಅದನ್ನು ಕಿತ್ತು ಹಾಕಲು ಯಾರಾದರೂ ಕಬ್ಬಿನ ಗದ್ದೆ ದಾಟಿ ಪಂಪ್‌ಹೌಸಿಗೆ ಹೋಗಬೇಕಾಗುತ್ತದೆ.

ಸ್ಕೀಮ್ಯಾಟಿಕ್ ಎದುರಿಗಿಟ್ಟುಕೊಂಡು ಕರೆಂಟು ಹರಿಯುವ ದಾರಿಯನ್ನೇ ಡಿವೈಸ್ ಟ್ರೀಯಲ್ಲಿ ಬರೆಯಿರಿ. 12 ವೋಲ್ಟಿನಿಂದ 5 ವೋಲ್ಟ್ ಮಾಡುವ ಕನ್ವರ್ಟರ್‌ಗೆ ಒಂದು ‘ರೆಗ್ಯುಲೇಟರ್-ಫಿಕ್ಸ್ಡ್’ ನೋಡ್ (ಫೈಲಿನಲ್ಲಿ ಒಂದು ಭಾಗದ ವಿವರ). ಯುಎಸ್‌ಬಿ ಪವರ್ ಸ್ವಿಚ್ಚಿಗೆ ಇನ್ನೊಂದು. ಅದರ ‘ವಿನ್-ಸಪ್ಲೈ’ ಮೊದಲನೆಯದನ್ನು ತೋರಿಸಲಿ, ‘ಜಿಪಿಐಒ’ದಲ್ಲಿ ಸ್ವಿಚ್ ಹಚ್ಚುವ ಎನೇಬಲ್ ಪಿನ್ ಇರಲಿ. ವೋಲ್ಟೇಜು ಮೈಕ್ರೋವೋಲ್ಟ್‌ನಲ್ಲಿ: ಕನಿಷ್ಠಕ್ಕೂ 5000000, ಗರಿಷ್ಠಕ್ಕೂ 5000000. ಎರಡೂ ಬೇರೆಬೇರೆಯಾದರೆ ಡ್ರೈವರ್ ಆ ನೋಡನ್ನೇ ಒಪ್ಪುವುದಿಲ್ಲ. 5000 ಎಂದು ಬರೆದು 5 ಮಿಲಿವೋಲ್ಟ್ ಮಾಡಿಟ್ಟವರೂ ಇದ್ದಾರೆ.

ಇನ್ನು ಈ ಲೈನ್ ಬೇಕೆಂದು ಕೇಳುವ ವಾರಸುದಾರರು. ಹೆಚ್ಚು ಜನ ಎಡವುವುದು ಇಲ್ಲೇ, ಏಕೆಂದರೆ ಪ್ರತಿ ಚಿಪ್ ಕುಟುಂಬದ್ದೂ ಬೇರೆ ಬೇರೆ ಹೆಸರು. ರಾಕ್‌ಚಿಪ್‌ನಲ್ಲಿ ಯುಎಸ್‌ಬಿ ಫೈ (PHY, ತಂತಿಯ ಸಿಗ್ನಲ್ ನೋಡಿಕೊಳ್ಳುವ ಸರ್ಕ್ಯೂಟ್) ಪೋರ್ಟ್‌ನ ನೋಡ್‌ನಲ್ಲಿ ‘ಫೈ-ಸಪ್ಲೈ’. ಐಡಾಟ್ಎಂಎಕ್ಸ್‌ನಲ್ಲಿ ಕಂಟ್ರೋಲರ್ ನೋಡ್‌ನಲ್ಲಿ ‘ವಿಬಸ್-ಸಪ್ಲೈ’. ಆಲ್‌ವಿನ್ನರ್‌ನಲ್ಲಿ ಫೈ ನೋಡ್‌ನಲ್ಲೇ, ಪೋರ್ಟಿನ ಸಂಖ್ಯೆ ಸೇರಿಸಿ ‘ಯುಎಸ್‌ಬಿ1_ವಿಬಸ್-ಸಪ್ಲೈ’. ಪಕ್ಕದ ಬೋರ್ಡಿನ ಫೈಲಿನಿಂದ ಹೆಸರು ನಕಲು ಮಾಡಿ ತಪ್ಪಿದರೆ ಕರ್ನಲ್ ಚಕಾರ ಎತ್ತುವುದಿಲ್ಲ, ಗೊತ್ತಿಲ್ಲದ ಹೆಸರನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಡಿವೈಸ್ ಟ್ರೀಯನ್ನು ಪರೀಕ್ಷಿಸುವ ‘ಡಿಟಿಬಿಎಸ್_ಚೆಕ್’ ಓಡಿಸಿದರೆ ಇಂಥವು ಸಿಕ್ಕಿಬೀಳುತ್ತವೆ. (5 ವೋಲ್ಟ್ ಲೈನನ್ನು ಫೈ-ಸಪ್ಲೈ ಎನ್ನುವುದು ಹೆಸರಿನ ದೃಷ್ಟಿಯಿಂದ ಅಷ್ಟು ಒಪ್ಪುವ ಮಾತಲ್ಲ. ಆದರೂ ರೂಢಿಯಲ್ಲಿರುವುದು ಅದೇ.)

ಆಮೇಲೆ ಆಲ್ವೇಸ್-ಆನ್ ತೆಗೆಯಿರಿ. ಬೂಟ್‌ಲೋಡರ್ ಮೊದಲೇ ಪೋರ್ಟ್ ಹಚ್ಚಿರುತ್ತದೆ ಎಂದಾದರೆ ಮಾತ್ರ ಬೂಟ್-ಆನ್ ಉಳಿಸಿ. ಡೀಬಗ್ ಫೈಲ್‌ಸಿಸ್ಟಮ್‌ನ ‘ರೆಗ್ಯುಲೇಟರ್_ಸಮ್ಮರಿ’ ತೆರೆದು ನಿಮ್ಮ ಲೈನಿನ ಎದುರು ‘ಯೂಸ್’ ಕಾಲಂ ನೋಡಿ. ಸೊನ್ನೆ ಇದ್ದರೆ ಕೊಂಡಿ ಇನ್ನೂ ಬಿದ್ದಿಲ್ಲ.

ಡಾಂಗಲ್ ಹ್ಯಾಂಗ್ ಆದಾಗ ಕಂಟ್ರೋಲರ್ ಡ್ರೈವರನ್ನು ಅನ್‌ಬೈಂಡ್ ಮಾಡಿ (ಬಿಡಿಸಿ), ಒಂದೆರಡು ಸೆಕೆಂಡ್ ಬಿಟ್ಟು ಬೈಂಡ್ ಮಾಡಿ. ಇಎಚ್‌ಸಿಐ (ವೇಗದ ಸಾಧನಗಳ ಕಂಟ್ರೋಲರ್), ಒಎಚ್‌ಸಿಐ (ನಿಧಾನದವುಗಳದ್ದು) ಎರಡೂ ಒಂದೇ ಫೈ ಹಂಚಿಕೊಂಡಿದ್ದರೆ ಎರಡನ್ನೂ ಬಿಡಿಸಬೇಕು. ಒಂದನ್ನೇ ಬಿಡಿಸಿದರೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಲೈನೂ ಆರುವುದಿಲ್ಲ. ಅದೇ ಸ್ವಿಚ್ಚಿನಿಂದ ಇನ್ನೊಂದು ಪೋರ್ಟಿಗೂ ಕರೆಂಟು ಹೋಗುತ್ತಿದ್ದರೂ ಇದೇ ಕಥೆ.

ಪ್ರಶ್ನೆ: ಸಮ್ಮರಿಯಲ್ಲಿ ಯೂಸ್ 1 ಇದೆ, ಆದರೆ ಪೋರ್ಟಿನಲ್ಲಿ ಮಲ್ಟಿಮೀಟರ್ 0 ತೋರಿಸುತ್ತಿದೆ. ಜಿಪಿಐಒ ಸಾಲಿನಲ್ಲಿ ‘ಆ್ಯಕ್ಟಿವ್ ಹೈ’ (ಪಿನ್‌ನ ವೋಲ್ಟೇಜ್ ಮೇಲೇರಿದಾಗ ಆನ್) ಸರಿಯಾಗಿಯೇ ಬರೆದಿದ್ದೇವೆ.
– ಓದುಗರೊಬ್ಬರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ರೆಗ್ಯುಲೇಟರ್-ಫಿಕ್ಸ್ಡ್ ಆ ಫ್ಲ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಎನೇಬಲ್-ಆ್ಯಕ್ಟಿವ್-ಹೈ’ ಎಂಬ ಪ್ರತ್ಯೇಕ ಸಾಲು ಇರಬೇಕು. ಇಲ್ಲದಿದ್ದರೆ ಆ್ಯಕ್ಟಿವ್ ಲೋ ಎಂದುಕೊಂಡು, ಹಚ್ಚು ಎಂದಾಗ ಪಿನ್ನನ್ನು ಕೆಳಗೆ ಎಳೆಯುತ್ತದೆ. ಮೀಟರಿನ ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಪ್ರೋಬ್ ಸ್ವಿಚ್ ಚಿಪ್ಪಿನ ಎನೇಬಲ್ ಕಾಲಿಗೆ ಇಟ್ಟು ನೋಡಿ. ಆ ಸಾಲು ಇದ್ದು, ಅಲ್ಲಿ 3.3 ವೋಲ್ಟ್ ಬಂದೂ ಔಟ್‌ಪುಟ್ ಇಲ್ಲವೆಂದರೆ ಚಿಪ್ಪಿನ ಮೇಲಿನ ಗುರುತು ಓದಿ. ಟಿಪಿಎಸ್2051ಬಿ ಆ್ಯಕ್ಟಿವ್ ಹೈ, ಟಿಪಿಎಸ್2041ಬಿ ಆ್ಯಕ್ಟಿವ್ ಲೋ. ಎರಡೂ 500 ಮಿಲಿಆಂಪಿಯರಿನವೇ. ಒಂದು ಸ್ಟಾಕ್ ಇಲ್ಲವೆಂದು ಇನ್ನೊಂದನ್ನು ಕೂರಿಸಿದರೆ ಬೆಸುಗೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಪೋರ್ಟೆಬಲ್ ಹಾರ್ಡ್ ಡಿಸ್ಕ್ ಹಾಕಿದರೆ ಟಿಕ್ ಟಿಕ್ ಎಂದು ಮತ್ತೆ ಮತ್ತೆ ಡಿಸ್‌ಕನೆಕ್ಟ್ ಆಗುತ್ತದೆ. ಡಿವೈಸ್ ಟ್ರೀಯಲ್ಲಿ ಕರೆಂಟ್ ಹೆಚ್ಚಿಸುವುದು ಹೇಗೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಹೆಚ್ಚಿಸಲಾಗದು. ಮಿತಿ ಹಾಕುವುದು ಸ್ವಿಚ್ ಚಿಪ್, ಫೈಲಿನಲ್ಲಿ ಏನು ಬರೆದರೂ ಅದಕ್ಕೆ ತಿಳಿಯದು. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. ಡಿಸ್ಕ್ ತಿರುಗಲು ಶುರುವಾಗುವಾಗ ಪೋರ್ಟಿನಲ್ಲೇ ವೋಲ್ಟೇಜ್ ಅಳೆಯಿರಿ. 2.0 ಪೋರ್ಟಿನಲ್ಲಿ 4.75ಕ್ಕಿಂತ ಕೆಳಗೆ ಇಳಿದರೆ ಅಡಾಪ್ಟರ್, ತೆಳ್ಳನೆಯ ವೈರು, ಔಟ್‌ಪುಟ್‌ನ ಕೆಪಾಸಿಟರ್ ಇವನ್ನು ಈ ಕ್ರಮದಲ್ಲೇ ನೋಡಿ. ಕೆಪಾಸಿಟರ್ ಕನಿಷ್ಠ 120 ಮೈಕ್ರೋಫ್ಯಾರಡ್ ಇರಬೇಕು. ಡಿಸ್ಕನ್ನು ಸ್ವಂತ ಅಡಾಪ್ಟರ್ ಇರುವ ಹಬ್‌ಗೆ ಹಾಕಿದಾಗ ಟಿಕ್ ಟಿಕ್ ನಿಂತರೆ, ತೊಂದರೆ ಪವರಿನದೇ.